ಹಿಮದ ನೀರು, ಬದನೆಯ ಪಾತಿ

ಸ್ಪೇನಿನ ಅಲ್ಹಾಂಬ್ರಾ ಕೋಟೆ ನೋಡಲು ಬಂದವರೆಲ್ಲ ಹೆನೆರಲೀಫೆಯ ಕಾರಂಜಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಗೋಡೆಯಂಚಿಗೆ ಬಂದು ಕೆಳಗೆ ಕಣ್ಣು ಹಾಯಿಸುವವರು ಕಡಿಮೆ. ಹಾಯಿಸಿದರೆ ಕಾಣುವುದು ತರಕಾರಿ ತೋಟ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪಾತಿಗಳು, ಸಾಲು ಹಿಡಿದ ಆರ್ಟಿಚೋಕ್ ಗಿಡಗಳು, ಅಂಚಿನಲ್ಲಿ ಹಣ್ಣಿನ ಮರಗಳು. ಗ್ರನಾಡಾದ ನಾಸ್ರಿದ್ ಸುಲ್ತಾನರ ಬೇಸಿಗೆ ಅರಮನೆಗೆ ಸೇರಿದ ಈ ತೋಟಗಳಲ್ಲಿ ಮಧ್ಯಯುಗದಿಂದ ಇವತ್ತಿನವರೆಗೂ ಬೇಸಾಯ ನಡೆದುಕೊಂಡೇ ಬಂದಿದೆ. ದೊರೆಗಳು ಹೋದರು, ಧರ್ಮ ಬದಲಾಯಿತು, ಭಾಷೆ ಬದಲಾಯಿತು. ಪಾತಿಗೆ ನೀರು ಬಿಡುವ ಕೆಲಸ ಮಾತ್ರ ನಿಲ್ಲಲಿಲ್ಲ.

ಆ ನೀರು ಬರುವುದು ದಾರ್ರೊ ನದಿಯಿಂದ. ಸುಮಾರು 6 ಕಿಲೋಮೀಟರ್ ಮೇಲೆ ನದಿಯನ್ನು ತಡೆದು, ಬೆಟ್ಟದ ಪಕ್ಕೆ ಬಳಸಿ ತಂದ ರಾಜಕಾಲುವೆ ಇದು. ನಾಸ್ರಿದ್ ಮನೆತನದ ಮೊದಲ ಅರಸ ಮುಹಮ್ಮದ್ 1238ರಲ್ಲಿ ಈ ಗುಡ್ಡದ ಮೇಲೆ ಕೋಟೆಯ ಕೆಲಸ ಶುರುಮಾಡಿದಾಗಲೇ ನೀರಿನ ಏರ್ಪಾಡಿಗೂ ಕೈ ಹಾಕಿದ್ದ. ನೀರಿಲ್ಲದ ಗುಡ್ಡದ ಮೇಲೆ ಅರಮನೆ ಕಟ್ಟಿ ಏನು ಪ್ರಯೋಜನ? ಅಲ್ಹಾಂಬ್ರಾದ ಗೋಡೆಗಳ ಮೇಲಿನ ಕುಸುರಿಗಿಂತ ಈ ಕಾಲುವೆಯೇ ಆ ನಾಡಿನ ದೊಡ್ಡ ಕಲೆ ಎಂದು ನನಗೆ ಅನಿಸಿದ್ದು ಅಲ್ಲಿ, ಆ ಗೋಡೆಯ ಅಂಚಿನಲ್ಲಿ.

ನಾನು ಸ್ಪೇನಿಗೆ ಹೋದದ್ದು ಅಡುಗೆಯ ಬೆನ್ನು ಹತ್ತಿ. ಎಂಟು ಶತಮಾನ ಮುಸ್ಲಿಮರು ಬಾಳಿ ಬದುಕಿದ ನೆಲದಲ್ಲಿ ಅವರ ಊಟ ಎಲ್ಲಿ ಉಳಿದಿದೆ ಎಂಬ ಕುತೂಹಲ. ಗ್ರನಾಡಾದ ಹಳೆಯ ಬೀದಿಗಳಲ್ಲಿ ಪುದೀನ ಚಹದ ಅಂಗಡಿಗಳಿವೆ, ಮೊರಾಕೊದ ತಜೀನ್ ಮಾಡಿ ಬಡಿಸುವ ಹೋಟೆಲುಗಳಿವೆ. ಊಟ ಚೆನ್ನಾಗಿಯೇ ಇರುತ್ತದೆ. ಆದರೆ ಅವು ನಮ್ಮ ಕಾಲದಲ್ಲಿ ಕಡಲು ದಾಟಿ ಬಂದವರು ತೆರೆದ ಅಂಗಡಿಗಳು. ಹಳೆಯದನ್ನು ಹುಡುಕಬೇಕಾದರೆ ಹೋಟೆಲು ಬಿಟ್ಟು ಹಿತ್ತಲಿಗೆ ಹೋಗಬೇಕು ಎಂದು ತಿಳಿದವರು ಹೇಳಿದರು. ಹಾಗೆ ಆಲ್ಪುಹಾರಾ ಕಡೆಯ ಬಸ್ಸು ಹತ್ತಿದೆ.

ಸಿಯೆರಾ ನೆವಾಡಾ ಪರ್ವತದ ದಕ್ಷಿಣದ ಇಳಿಜಾರಿಗೆ ಆಲ್ಪುಹಾರಾ ಎಂದು ಹೆಸರು. ಮೇಲೆ 3,479 ಮೀಟರ್ ಎತ್ತರದ ಮುಲಾಸೆನ್ ಶಿಖರ, ಕೆಳಗೆ ಮೆಡಿಟರೇನಿಯನ್ ಕಡಲು. ನಡುವೆ ಕಡಿದಾದ ಕಣಿವೆಗಳು, ಅವುಗಳ ಪಕ್ಕೆಗೆ ಅಂಟಿಕೊಂಡ ಬಿಳಿ ಊರುಗಳು. ಲಂಹರೋನ್, ಓರ್ಹಿವಾ ದಾಟಿದ ಮೇಲೆ ರಸ್ತೆ ಹಾವಿನಂತೆ ಸುತ್ತುತ್ತ ಪೊಕೇರಾ ಕಣಿವೆಗೆ ಏರುತ್ತದೆ. ಪಾಂಪನೇರಾ, ಬುಬಿಯೋನ್, ಕಪಿಲೇರಾ, ಮೂರೂ ಊರುಗಳು ಒಂದರ ಮೇಲೊಂದು. ಮನೆಗಳಿಗೆ ಹೆಂಚಿಲ್ಲ. ಚಪ್ಪಟೆ ಮಾಳಿಗೆ, ಅದರ ಮೇಲೆ ಬೂದು ಬಣ್ಣದ ಜೇಡಿಮಣ್ಣಿನ ಹಾಸು. ಕಡಲಾಚೆ ಅಟ್ಲಾಸ್ ಪರ್ವತದ ಬರ್ಬರ್ ಹಳ್ಳಿಗಳ ಮನೆಗಳೂ ಹೀಗೆಯೇ. ಆಗಸ್ಟ್ ಕೊನೆಯ ದಿನಗಳು. ಮಾಳಿಗೆಗಳ ಮೇಲೆ ಅಂಜೂರ ಒಣಗುತ್ತಿತ್ತು, ಜಗಲಿಯಲ್ಲಿ ಬಾದಾಮಿ ಸಿಪ್ಪೆ ಬಿಡಿಸುತ್ತಿದ್ದರು.

ನಾನು ಇಳಿದುಕೊಂಡ ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ, ಉಳಿದ ಹೊತ್ತೆಲ್ಲ ತೋಟ. ನನ್ನ ಅಷ್ಟಿಷ್ಟು ಸ್ಪ್ಯಾನಿಷ್ ಅವರಿಗೆ ಸಾಕಾಯಿತು. ಬಂದ ಸಂಜೆಯೇ ನನ್ನನ್ನು ಮಗಳೇ ಎಂದು ಕರೆಯಲು ಶುರುಮಾಡಿದರು. ತೋಟ ಮನೆಯ ಕೆಳಗೆ, ಕಲ್ಲು ಪೇರಿಸಿದ ಮೂರು ಹಂತಗಳಲ್ಲಿ ಇಳಿಯುತ್ತದೆ. ಮೇಲಿನ ಹಂತದಲ್ಲಿ ಟೊಮೆಟೊ, ದೊಣ್ಣೆಮೆಣಸು. ನಡುವೆ ಬದನೆ, ಕುಂಬಳ, ಅಸೆಲ್ಗಾ ಎಂಬ ದಪ್ಪ ಬಿಳಿ ದಂಟಿನ ಸೊಪ್ಪು. ಕೆಳಗೆ ಬಾದಾಮಿ, ಅಂಜೂರ, ಒಂದು ದಾಳಿಂಬೆ, ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿ.

"ನಾಳೆ ಬೆಳಗಿನ ಜಾವ ನೀರಿನ ಸರದಿ ನಮ್ಮದು, ಮಗಳೇ. ನೋಡಬೇಕಾದರೆ ಎದ್ದೇಳು," ಎಂದರು.

ಎದ್ದೆ. ಇನ್ನೂ ನಕ್ಷತ್ರಗಳಿದ್ದವು. ಊರಿನ ಮೇಲ್ಗಡೆ ಬೆಟ್ಟದ ಹೊಟ್ಟೆಯಲ್ಲಿ ಹರಿಯುವ ಕಾಲುವೆಗೆ ಅಲ್ಲಿಯ ಜನ ಅಸೇಕಿಯಾ ಎನ್ನುತ್ತಾರೆ. ಅದರಿಂದ ಕವಲೊಡೆದ ಒಂದು ಮೊಳ ಅಗಲದ ಮಣ್ಣಿನ ಕಾಲುವೆ ತೋಟದ ತಲೆಗೆ ಬಂದು ನಿಲ್ಲುತ್ತದೆ. ಬಾಯಿಗೆ ಒಂದು ಚಪ್ಪಡಿ, ಸುತ್ತ ಹುಲ್ಲುಗರಿಕೆ ತುರುಕಿದ ಮಣ್ಣು. ನಮ್ಮ ಕೆರೆ ಬಯಲಿನ ಊರುಗಳಲ್ಲಿ ನೀರುಗಂಟಿ ಇದ್ದ ಹಾಗೆ ಅಲ್ಲೂ ಒಬ್ಬ ಇದ್ದಾನೆ. ಯಾರಿಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಹೊತ್ತು ಆದದ್ದೇ ಅಜ್ಜಿ ಗುದ್ದಲಿಯ ಮೊನೆಯಿಂದ ಮಣ್ಣು ಕೆದಕಿ ಚಪ್ಪಡಿ ಎತ್ತಿದರು. ನೀರು ಮೊದಲು ಒಣ ಎಲೆ, ಕಸಕಡ್ಡಿಗಳನ್ನು ಮುಂದೆ ತಳ್ಳಿಕೊಂಡು ಮೆಲ್ಲಗೆ ಬಂತು. ಆಮೇಲೆ ಬಿರುಸಾಯಿತು. ಬದನೆಯ ಮೊದಲ ಸಾಲು ತುಂಬುತ್ತಿದ್ದಂತೆ ಗುದ್ದಲಿಯಲ್ಲಿ ಒಂದು ಹೆಂಟೆ ಮಣ್ಣು ಎತ್ತಿ ಮಡೆ ಕಟ್ಟಿದರು, ಮುಂದಿನ ಸಾಲಿನ ಬಾಯಿ ಬಿಡಿಸಿದರು. ಒಂದು ಸಾಲಿಗೆ ಎರಡು ಏಟು, ಹೆಚ್ಚಿಲ್ಲ. ನಾನು ಕಾಲು ತೆಗೆದಿಟ್ಟಲ್ಲಿ ಮಣ್ಣು ಪಾದ ಹಿಡಿದುಕೊಳ್ಳುತ್ತಿತ್ತು. ನೀರು ಆಗಸ್ಟಿನಲ್ಲೂ ಜುಮ್ಮೆನ್ನುವಷ್ಟು ತಣ್ಣಗಿತ್ತು.

ಆ ತಂಪಿನ ಹಿಂದೆ ಒಂದು ದೊಡ್ಡ ಜಾಣತನವಿದೆ. ಬೇಸಿಗೆಯ ಆ ಹೊತ್ತಿಗೆ ಶಿಖರದ ಹಿಮ ಹೆಚ್ಚುಕಡಿಮೆ ಕರಗಿ ಮುಗಿದಿರುತ್ತದೆ, ಮಳೆ ಇರುವುದಿಲ್ಲ. ಹಾಗಾದರೆ ನೀರು ಎಲ್ಲಿಯದು? ವಸಂತದಲ್ಲಿ ಹಿಮ ಕರಗುವಾಗ ಹೊಳೆಯ ತಲೆಯಲ್ಲೇ ಆ ನೀರನ್ನು ಉದ್ದನೆಯ ಕಾಲುವೆಗಳಿಗೆ ತಿರುಗಿಸುತ್ತಾರೆ. ಈ ಕಾಲುವೆಗಳಿಗೆ ಸಿಮೆಂಟಿಲ್ಲ, ಬೇಕೆಂದೇ ಇಲ್ಲ. ಬಿರುಕುಬಿಟ್ಟ ಕಲ್ಲಿನ ಇಳಿಜಾರುಗಳಲ್ಲಿ ನೀರನ್ನು ಚೆಲ್ಲಿ ನೆಲಕ್ಕೆ ಇಂಗಿಸುತ್ತಾರೆ. ಇಂಗಿದ ನೀರು ಬೆಟ್ಟದೊಳಗೆ ನಿಧಾನವಾಗಿ ಇಳಿದು ವಾರಗಳು, ತಿಂಗಳುಗಳು ಕಳೆದ ಮೇಲೆ ಕೆಳಗಿನ ಊರುಗಳ ಒರತೆಗಳಲ್ಲಿ ಏಳುತ್ತದೆ. ಯುರೋಪಿನಲ್ಲಿ ಅಂತರ್ಜಲ ತುಂಬಿಸುವ ಅತ್ಯಂತ ಹಳೆಯ ವ್ಯವಸ್ಥೆಗಳಲ್ಲಿ ಇದೂ ಒಂದು. ಮೇ ತಿಂಗಳ ಹಿಮ ಆಗಸ್ಟಿನ ಬದನೆಯ ಬುಡಕ್ಕೆ ತಲುಪುವುದು ಹೀಗೆ. ಇದನ್ನು ಕಟ್ಟಿ ಬೆಳೆಸಿದವರು ಮುಸ್ಲಿಮರ ಆಳ್ವಿಕೆಯ ಸ್ಪೇನ್, ಅಂದರೆ ಆಂದಲುಸ್‌ನ ಮುಸ್ಲಿಂ ರೈತರು. ಬದನೆ, ಪಾಲಕ್, ಕಬ್ಬು, ಭತ್ತ, ಹುಳಿಕಿತ್ತಳೆ, ನಿಂಬೆಗಳನ್ನು ಆ ನೆಲದಲ್ಲಿ ಒಗ್ಗಿಸಿದವರೂ ಅವರೇ. ಇವುಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಸೆಕೆ, ನೀರು ಎರಡನ್ನೂ ಒಟ್ಟಿಗೆ ಕೇಳುವ ಬೆಳೆಗಳು ಅಥವಾ ಒಣ ಬೇಸಿಗೆಯನ್ನು ನೀರಿಲ್ಲದೆ ದಾಟಲಾಗದ ಗಿಡಗಳು. ಕಾಲುವೆ ಇಲ್ಲದಿದ್ದರೆ ಇವು ಇಲ್ಲ. ಇವು ಇಲ್ಲದಿದ್ದರೆ ನಾವು ಈಗ ಸ್ಪ್ಯಾನಿಷ್ ಅಡುಗೆ ಎನ್ನುವುದರಲ್ಲಿ ಅರ್ಧ ಇಲ್ಲ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸೆವಿಲ್ಲೆಯ ಇಬ್ನ್ ಅಲ್-ಅವ್ವಾಮ್ ಬರೆದ ಕೃಷಿ ಗ್ರಂಥದಲ್ಲಿ ಮಣ್ಣಿನ ಗುಣ, ಗೊಬ್ಬರ, ಕಸಿ, ನೀರು ಹಾಯಿಸುವ ಬಗೆ ಎಲ್ಲದರ ವಿವರವಿದೆ. 1802ರಲ್ಲಿ ಅದು ಸ್ಪ್ಯಾನಿಷಿಗೆ ಬಂತು. ಆರುನೂರು ವರ್ಷ ಹಳೆಯ ಪುಸ್ತಕವನ್ನು ಆಗಿನ ರೈತರಿಗೆ ಉಪಯೋಗವಾಗಲಿ ಎಂದೇ ಅನುವಾದಿಸಿದರು ಎಂಬುದು ಆ ಜ್ಞಾನಕ್ಕೆ ಸಂದ ಗೌರವ.

ಮಧ್ಯಾಹ್ನ ಅಡುಗೆಮನೆಯಲ್ಲಿ ಅಜ್ಜಿ ಮೊದಲು ಮಾಡಿದ್ದು ಅಹೊಬ್ಲಾಂಕೊ. ಒಲೆಯ ಮೇಲೆ ಬೇಯಿಸದ ಅಡುಗೆ ಅದು. ಎರಡು ಹಿಡಿ ಹೊಸ ಬಾದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಜಾರಿಸಿದರು. ಹಿಂದಿನ ದಿನದ ಬ್ರೆಡ್ಡಿನ ತಿರುಳನ್ನು ನೀರಲ್ಲಿ ನೆನೆಸಿ ಹಿಂಡಿಟ್ಟರು. ಒರಳಿಗೆ ಮೊದಲು ಎರಡು ಎಸಳು ಬೆಳ್ಳುಳ್ಳಿ, ಉಪ್ಪು. ಅದು ಪೇಸ್ಟಾದ ಮೇಲೆ ಬಾದಾಮಿ. ಕುಟ್ಟುವುದಲ್ಲ, ಒರಳಿನ ಗೋಡೆಗೆ ಒತ್ತಿ ಅರೆಯುವುದು. ಬಾದಾಮಿ ಎಣ್ಣೆ ಬಿಡಲು ಶುರುಮಾಡಿದಾಗ ಬ್ರೆಡ್ಡು ಸೇರಿಸಿದರು. ಆಮೇಲೆ ಆಲಿವ್ ಎಣ್ಣೆಯನ್ನು ನೂಲಿನಂತೆ ಸುರಿಯುತ್ತ, ಒಂದೇ ದಿಕ್ಕಿಗೆ ತಿರುವುತ್ತ ಹೋದರು. ಎಣ್ಣೆ ಎಲ್ಲೂ ಕಾಣದೆ ಒಳಗೇ ಸೇರಿಕೊಂಡು ಮುದ್ದೆ ಬೆಣ್ಣೆಯಷ್ಟು ನುಣ್ಣಗಾಯಿತು. ಅದಕ್ಕೆ ತುಸು ವಿನೆಗರ್, ಬೇಕಾದಷ್ಟು ತಣ್ಣೀರು. ಹಾಲಿನ ಬಣ್ಣದ ಆ ಸಾರನ್ನು ಬಟ್ಟಲಿಗೆ ಹಾಕಿ, ಚಪ್ಪರದ ಮಸ್ಕಟ್ ದ್ರಾಕ್ಷಿಯನ್ನು ಸೀಳಿ ಮೇಲೆ ಹಾಕಿದರು. ಮೊದಲ ಗುಟುಕಿಗೆ ಬೆಳ್ಳುಳ್ಳಿಯ ಖಾರ, ಅದರ ಹಿಂದೆ ಬಾದಾಮಿಯ ಜಿಡ್ಡು, ಕೊನೆಗೆ ದ್ರಾಕ್ಷಿಯ ಸಿಹಿ ಹಲ್ಲಿಗೆ ಸಿಕ್ಕಿತು. ಹೊರಗೆ ಮೂವತ್ತೈದು ಡಿಗ್ರಿ ಬಿಸಿಲು. ಆ ಬಿಸಿಲಿಗೆ ಇದಕ್ಕಿಂತ ಒಪ್ಪುವ ಊಟವನ್ನು ನಾನು ಉಂಡಿಲ್ಲ.

ಅಹೊಬ್ಲಾಂಕೊ ಗಾಸ್ಪಾಚೊ ಎಂಬ ತಣ್ಣನೆಯ ಸಾರುಗಳ ಬಳಗಕ್ಕೆ ಸೇರಿದ್ದು. ಇಂದು ಗಾಸ್ಪಾಚೊ ಎಂದರೆ ಕೆಂಪು ಟೊಮೆಟೊ ಸಾರು ಎಂದೇ ಎಲ್ಲರ ಕಣ್ಣಿಗೆ ಕಟ್ಟುತ್ತದೆ. ಆದರೆ ಟೊಮೆಟೊ, ದೊಣ್ಣೆಮೆಣಸು ಎರಡೂ ಅಮೆರಿಕದವು. ಕೊಲಂಬಸ್ ಹಡಗು ಬಿಟ್ಟದ್ದು 1492ರ ಆಗಸ್ಟಿನಲ್ಲಿ, ಗ್ರನಾಡಾದ ಕೊನೆಯ ಸುಲ್ತಾನ ಬೋಅಬ್ದಿಲ್ ಕೋಟೆಯ ಕೀಲಿಕೈ ಒಪ್ಪಿಸಿದ್ದು ಅದೇ ವರ್ಷದ ಜನವರಿ 2ರಂದು. ಆಂದಲುಸ್‌ನ ಯಾವ ಸುಲ್ತಾನನೂ ಟೊಮೆಟೊ ತಿಂದವನಲ್ಲ. ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್, ಬಾದಾಮಿ ಕೂಡಿದ ಬಿಳಿಯ ಸಾರಿಗೆ ಮಾತ್ರ ಹೊಸ ಖಂಡದ ಹಂಗಿಲ್ಲ. ಆಮೇಲೆ ಅದೇ ಹಡಗುಗಳ ದಾರಿಯಲ್ಲಿ ಬಂದ ಮೆಣಸಿನಕಾಯಿಯನ್ನು ಪೋರ್ಚುಗೀಸರು ನಮ್ಮ ಕರಾವಳಿಗೂ ಇಳಿಸಿದರು. ಬ್ಯಾಡಗಿಯ ಕೆಂಪು, ಇವರ ಪಿಮೆಂತೋನ್ ಎಂಬ ಮೆಣಸಿನಪುಡಿಯ ಕೆಂಪು ಎರಡೂ ಒಂದೇ ತಾಯಿಯ ಮಕ್ಕಳು.

ಬದನೆಯ ದಾರಿ ಇದಕ್ಕೆ ವಿರುದ್ಧ. ಅದು ನಮ್ಮ ಕಡೆಯಿಂದ ಅತ್ತ ಹೋದದ್ದು. ಭಾರತದ ಸುತ್ತಮುತ್ತ ಪಳಗಿದ ಗಿಡ ಪರ್ಷಿಯಾ ದಾಟಿ, ಅರಬರ ಕೈ ಹಿಡಿದು ಐಬೀರಿಯಾ ತಲುಪಿತು. ಮಟ್ಟುಗುಳ್ಳ, ಈರನಗೆರೆ ಬದನೆ ತಿಂದು ಬೆಳೆದ ನನಗೆ ಆ ಪಾತಿಯ ಉದ್ದನೆಯ ಕಪ್ಪು ಕಾಯಿಗಳು ನೆಂಟರ ಹಾಗೆ ಕಂಡವು. ಅಜ್ಜಿ ಅವನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ ಉಪ್ಪುನೀರಿಗೆ ಹಾಕಿದರು. ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಒತ್ತಿ, ಗೋಧಿಹಿಟ್ಟಿನಲ್ಲಿ ಹೊರಳಿಸಿ ಕಾದ ಎಣ್ಣೆಗೆ ಬಿಟ್ಟರು. ಗರಿಗರಿಯಾಗಿ ಬಂದದ್ದರ ಮೇಲೆ ಒಂದು ಬಾಟಲಿಯಿಂದ ಕಪ್ಪನೆಯ ಪಾಕ ಸುರಿದರು. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟರೆ ಜೋನಿಬೆಲ್ಲ! ಮೊತ್ರಿಲ್, ಸಲೊಬ್ರೆನ್ಯಾ ಕಡಲತೀರದಲ್ಲಿ ಮುಸ್ಲಿಮರ ಕಾಲದಿಂದ ಕಬ್ಬು ಬೆಳೆಯುತ್ತಿದ್ದರು. ಅಲ್ಲಿಯ ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಮುಚ್ಚಿತು. ಪಕ್ಕದ ಮಲಗಾ ಪ್ರಾಂತ್ಯದ ಫ್ರಿಹಿಲಿಯಾನಾದಲ್ಲಿ ಮಾತ್ರ ಈಗಲೂ ಈ ಪಾಕ ತಯಾರಾಗುತ್ತದೆ. ಬದನೆಯ ಕಿರುಗಹಿ, ಬೆಲ್ಲದ ಸಿಹಿ, ಉಪ್ಪು. ಮೂರೂ ಒಟ್ಟಿಗೆ ಬಾಯಿಗೆ ಬಂದಾಗ ಮಾತು ಬೇಕಾಗುವುದಿಲ್ಲ.

ಬದನೆ ಆ ನಾಡಿನಲ್ಲಿ ಬಹುಕಾಲ ಬರೀ ತರಕಾರಿ ಆಗಿರಲಿಲ್ಲ. ಸೆರ್ವಾಂಟೆಸ್‌ನ 'ಡಾನ್ ಕ್ವಿಕ್ಸಾಟ್' ಎರಡನೆಯ ಭಾಗ 1615ರಲ್ಲಿ ಬಂತು. ಅದರಲ್ಲಿ ನಾಯಕನ ಸೇವಕ ಸಾಂಚೊ, 'ಮೂರ್' ಎಂದು ಕರೆಯುತ್ತಿದ್ದ ಮುಸ್ಲಿಮರಿಗೆ ಬದನೆ ಎಂದರೆ ಪ್ರಾಣವಂತೆ ಎಂದು ಮಾತಿಗೆ ಹೇಳುತ್ತಾನೆ. ಆಗಿನ ಓದುಗರಿಗೆ ಅದು ತಟ್ಟನೆ ಅರ್ಥವಾಗುತ್ತಿತ್ತು. ಯಾರ ಮನೆಯ ಪಾತ್ರೆಯಲ್ಲಿ ಏನು ಬೇಯುತ್ತದೆ ಎಂಬುದು ಧರ್ಮನ್ಯಾಯಾಲಯದ ವಿಚಾರಣೆಗೆ ಬರುತ್ತಿದ್ದ ಕಾಲ ಅದು. ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡುಗೆ ಮಾಡುತ್ತಾರೆ, ಹಂದಿಮಾಂಸ ಮುಟ್ಟುವುದಿಲ್ಲ ಎಂಬ ನೆರೆಹೊರೆಯವರ ದೂರಿನ ಮೇಲೆ ಜನರನ್ನು ಹಿಡಿದೊಯ್ದ ದಾಖಲೆಗಳಿವೆ. ಒಲೆಯ ಮೇಲಿನ ವಾಸನೆಯೇ ಸಾಕ್ಷಿ.

ಮರುದಿನ ಸೊಪ್ಪಿನ ಸರದಿ. ಅಸೆಲ್ಗಾ ಸೊಪ್ಪು, ಬೇಯಿಸಿದ ಕಾಬೂಲಿ ಕಡಲೆ. ಬಾಣಲೆಯಲ್ಲಿ ಬ್ರೆಡ್ಡಿನ ಚೂರು, ಬೆಳ್ಳುಳ್ಳಿ ಹುರಿದು ತೆಗೆದು, ಜೀರಿಗೆ, ಪಿಮೆಂತೋನ್, ತುಸು ವಿನೆಗರ್ ಹಾಕಿ ಒರಳಲ್ಲಿ ತರಿತರಿಯಾಗಿ ಅರೆದದ್ದನ್ನು ಸೊಪ್ಪಿಗೆ ಕಲಸಿದರು. ಹುರಿದ ಜೀರಿಗೆಯ ಆ ಘಮ ಸ್ಪೇನಿನ ಬೇರೆ ಭಾಗಗಳ ಅಡುಗೆಯಲ್ಲಿ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಅಜ್ಜಿ ಕೊನೆಗೆ ಒಣಗಿಸಿದ ಹಂದಿಮಾಂಸದ ಚೂರು ಹಾಕಲು ಕೈ ಚಾಚಿ, ನಾನು ತಿನ್ನುವುದಿಲ್ಲ ಎಂಬುದು ನೆನಪಾಗಿ ತಡೆದರು.

"ಇದಿಲ್ಲದೆಯೂ ಆಗುತ್ತೆ. ಈಸ್ಟರಿನ ಮೊದಲಿನ ಉಪವಾಸದ ದಿನಗಳಲ್ಲಿ ನಮ್ಮಮ್ಮ ಹಾಗೇ ಮಾಡೋರು," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಹಾಗೇ ಇತ್ತೇನೋ. ಚೂರು ಆಮೇಲೆ ಬಂದಿರಬೇಕು," ಎಂದು ತಾವೇ ಸೇರಿಸಿದರು.

ಆ 'ಆಮೇಲೆ' ಎಂಬುದರಲ್ಲಿ ಎಷ್ಟು ಸಂಕಟ ಅಡಗಿದೆ! ಗ್ರನಾಡಾ ಬಿದ್ದ ಕೆಲವೇ ವರ್ಷಗಳಲ್ಲಿ ಮುಸ್ಲಿಮರಿಗೆ ಮತಾಂತರ ಇಲ್ಲವೇ ಗಡಿಪಾರು ಎಂಬ ಆಯ್ಕೆ ಬಂತು. ಮತಾಂತರಗೊಂಡು ಉಳಿದವರೇ ಮೊರಿಸ್ಕೊಗಳು. ಎರಡನೆಯ ಫಿಲಿಪ್ 1567ರಲ್ಲಿ ಅವರ ಭಾಷೆ, ಉಡುಪು, ಸ್ನಾನಗೃಹಗಳ ಮೇಲೂ ನಿಷೇಧ ಹೇರಿದ. 1568ರ ಡಿಸೆಂಬರಿನಲ್ಲಿ ಇದೇ ಆಲ್ಪುಹಾರಾದ ಕಣಿವೆಗಳು ದಂಗೆ ಎದ್ದವು. ಎರಡು ವರ್ಷಕ್ಕೂ ಮೀರಿದ ಕಾದಾಟದಲ್ಲಿ ಎರಡೂ ಕಡೆ ಕ್ರೌರ್ಯ ನಡೆಯಿತು. ದಂಗೆ ಅಡಗಿಸಿದ ಮೇಲೆ ಗ್ರನಾಡಾದ ಮೊರಿಸ್ಕೊಗಳನ್ನು ಊರೂರಿಂದ ಎಬ್ಬಿಸಿ ಚಳಿಯಲ್ಲಿ ನಡೆಸಿಕೊಂಡು ಹೋಗಿ ಸ್ಪೇನಿನ ಬೇರೆ ಭಾಗಗಳಿಗೆ ಚದುರಿಸಿದರು. 1609ರಿಂದ 1614ರ ನಡುವೆ ದೇಶದಿಂದಲೇ ಹೊರಹಾಕಿದರು. ಸುಮಾರು 3 ಲಕ್ಷ ಜನ. ದಂಗೆಯ ಬೆನ್ನಲ್ಲೇ ಖಾಲಿಯಾಗಿದ್ದ ಆಲ್ಪುಹಾರಾದ ಮನೆಗಳಿಗೆ ಉತ್ತರದ ಗಲೀಸಿಯಾ, ಲಿಯೋನ್, ಕ್ಯಾಸ್ಟಿಲ್‌ಗಳಿಂದ ಕ್ರೈಸ್ತ ಕುಟುಂಬಗಳನ್ನು ತಂದು ಕೂರಿಸಿದರು. ಯಾರಿಗೆ ಯಾವ ಹೊಲ, ಎಷ್ಟು ಮರ ಎಂದು ಬರೆದಿಟ್ಟ ಆಗಿನ ಹಂಚಿಕೆಯ ದಫ್ತರಗಳು ಈಗಲೂ ಉಳಿದಿವೆ. ಮಳೆನಾಡಿನಿಂದ ಬಂದ ಆ ಜನಕ್ಕೆ ಅಸೇಕಿಯಾ ಗೊತ್ತಿರಲಿಲ್ಲ. ಕಾಲುವೆಯ ಗುಟ್ಟು ಹೇಳಿಕೊಡಲೆಂದು ಊರಿಗೆ ಒಂದೆರಡು ಮೊರಿಸ್ಕೊ ಮನೆಗಳನ್ನು ಉಳಿಸಿಕೊಂಡಿದ್ದರು ಎಂದು ಇಲ್ಲಿಯ ಪ್ರತಿ ಊರಿನವರೂ ಹೇಳುತ್ತಾರೆ. ಬಂದವರು ತಮ್ಮ ಹಂದಿಯನ್ನು ತಂದರು. ಆದರೆ ಕಾಲುವೆ ಕೇಳಿದ್ದನ್ನೇ ಬೆಳೆದರು, ಬೆಳೆದದ್ದನ್ನೇ ಬೇಯಿಸಿದರು. ಇಲ್ಲಿಯ ಬಾಣಲೆಯಲ್ಲಿ ಮೂರ್ ಅಡುಗೆ ಉಳಿದದ್ದು ಯಾರೂ ಉಳಿಸಬೇಕೆಂದು ಹಟ ಹಿಡಿದದ್ದರಿಂದ ಅಲ್ಲ, ನೀರು ಹರಿಯುತ್ತಿದ್ದುದರಿಂದ ಎಂಬುದು ನನ್ನ ನಂಬಿಕೆ.

ಉಳಿಯದೆ ಹೋದದ್ದೂ ಇದೆ. ಮುರ್ಸಿಯಾದಲ್ಲಿ ಹುಟ್ಟಿದ ಇಬ್ನ್ ರಝೀನ್ ಅಲ್-ತುಜೀಬಿ ಹದಿಮೂರನೆಯ ಶತಮಾನದಲ್ಲಿ ಕ್ರೈಸ್ತ ಸೈನ್ಯಗಳು ಮುನ್ನುಗ್ಗಿದಾಗ ಊರು ಬಿಟ್ಟು ಕೊನೆಗೆ ಟ್ಯುನಿಸ್ ಸೇರಿದ. ಅಲ್ಲಿ ಕುಳಿತು ತವರಿನ ಅಡುಗೆಗಳನ್ನು ಬರೆದ. 400ಕ್ಕೂ ಹೆಚ್ಚು ಬಗೆಗಳು. ತರಕಾರಿಗೆಂದೇ ಒಂದು ಭಾಗ, ಅದರೊಳಗೆ ಬದನೆಗೆ ಬೇರೆಯೇ ಮನ್ನಣೆ. ಮನೆ ಕಳೆದುಕೊಂಡವನು ಮನೆಯ ಅಡುಗೆಯನ್ನು ಅಕ್ಷರದಲ್ಲಿ ಮತ್ತೆ ಕಟ್ಟಿಕೊಂಡ ಪುಸ್ತಕ ಅದು. ಅದರಲ್ಲಿ ಹೆಜ್ಜೆಹೆಜ್ಜೆಗೂ ಕೊತ್ತಂಬರಿ ಬರುತ್ತದೆ: ಬೀಜ, ಸೊಪ್ಪು, ಸೊಪ್ಪಿನ ರಸ. ಅಜ್ಜಿಯ ತೋಟದಲ್ಲಿ ನಾನು ಕೊತ್ತಂಬರಿ ಸೊಪ್ಪಿಗಾಗಿ ಮೂಲೆಮೂಲೆ ಹುಡುಕಿದೆ. ಇದ್ದದ್ದು ಪಾರ್ಸ್ಲೆ. ಆ ವಾಸನೆಯೇ ಆಗುವುದಿಲ್ಲ ಎಂದರು ಅಜ್ಜಿ. ಬಾರ್ಲಿಯನ್ನು ಬೂಸ್ಟು ಹಿಡಿಸಿ, ಬಿಸಿಲಲ್ಲಿ ಹುದುಗಿಸಿ ಮಾಡುತ್ತಿದ್ದ ಮುರ್ರೀ ಎಂಬ ಕಪ್ಪು ವ್ಯಂಜನ ಇಲ್ಲದೆ ಆ ಕಾಲದ ಎಷ್ಟೋ ಅಡುಗೆಗಳು ನಡೆಯುತ್ತಿರಲಿಲ್ಲ. ಈಗ ಅದರ ಸುಳಿವೂ ಸ್ಪೇನಿನಲ್ಲಿಲ್ಲ.

ಆಲ್ಪುಹಾರಾದಿಂದ ಪೂರ್ವಕ್ಕೆ ಇಳಿದು ಅಲ್ಮೆರಿಯಾ ಕಡೆಗೆ ಹೊರಟರೆ ಎಲ್ ಎಹೀದೊ ಬರುತ್ತದೆ. ಬೆಟ್ಟದ ತಿರುವಿನಿಂದ ನೋಡಿದಾಗ ಕಡಲೇ ನೆಲಕ್ಕೆ ಏರಿ ಬಂದಿದೆಯೋ ಎನ್ನುವಂತೆ ಹೊಳೆಯುತ್ತಿತ್ತು. ಎಲ್ಲ ಪ್ಲಾಸ್ಟಿಕ್. ಅಲ್ಮೆರಿಯಾ ಪ್ರಾಂತ್ಯದಲ್ಲಿ 30,000 ಹೆಕ್ಟೇರ್‌ಗೂ ಹೆಚ್ಚು ಹಸಿರುಮನೆಗಳು. ಯುರೋಪಿನ ಅಂಗಡಿಗಳಿಗೆ ಚಳಿಗಾಲದ ಬದನೆ, ಟೊಮೆಟೊ, ದೊಣ್ಣೆಮೆಣಸಿನ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತದೆ. ಬೇರಿಗೆ ಹನಿಹನಿಯಾಗಿ ಹೋಗುವ ನೀರಿನ ಬಹುಪಾಲು ಕೊಳವೆಬಾವಿಯದು, ಅಂತರ್ಜಲ ಕುಸಿಯುತ್ತಿದೆ. ದುಡಿಯುವವರಲ್ಲಿ ಬಹಳ ಜನ ಮೊರಾಕೊದವರು. ಹಸಿರುಮನೆಗಳ ಸಂದಿಯಲ್ಲಿ ಹಲಗೆ, ಹಳೇ ಪ್ಲಾಸ್ಟಿಕ್ ಹಾಳೆ ಕಟ್ಟಿದ ಗುಡಿಸಲುಗಳಲ್ಲಿ ಅವರಲ್ಲಿ ಎಷ್ಟೋ ಮಂದಿ ವಾಸ, ಕುಡಿಯುವ ನೀರಿಗೂ ಪರದಾಟ. ನಾಲ್ಕು ಶತಮಾನಗಳ ಹಿಂದೆ ಸ್ಪೇನಿನ ಬಂದರುಗಳಿಂದ ಹಡಗು ಹತ್ತಿಸಿ ಕಳುಹಿಸಿದ ಜನ ಸೇರಿದ್ದು ಅದೇ ಕಡಲಾಚೆಯ ತೆತುವಾನ್, ರಬಾತ್, ಟ್ಯುನಿಸ್‌ಗಳಿಗೆ. ಈಗ ಆ ತೀರದಿಂದ ಬಂದವರು ಇಲ್ಲಿ ಬದನೆ ಬೆಳೆಯುತ್ತಿದ್ದಾರೆ, ಆದರೆ ಬದನೆಯ ಮೇಲೆ, ನೆಲದ ಮೇಲೆ, ನೀರಿನ ಮೇಲೆ ಅವರಿಗೆ ಯಾವ ಹಕ್ಕೂ ಇಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಬೆಟ್ಟದ ಮೇಲಿನ ಊರುಗಳಲ್ಲಿ ಕೊರತೆ ಬೇರೆ ಬಗೆಯದು. ಯುವಕರು ಪಟ್ಟಣಕ್ಕೆ ಹೋದಂತೆಲ್ಲ ಹೂಳೆತ್ತುವ ಕೈಗಳು ಕಡಿಮೆಯಾಗಿ ಎಷ್ಟೋ ಅಸೇಕಿಯಾಗಳು ಮುಚ್ಚಿಹೋದವು. ಕೆಲವು ಕಡೆ ಸಿಮೆಂಟ್ ಪೈಪು ಹಾಕಿದರು. ಪೈಪಿನಿಂದ ನೀರು ಇಂಗುವುದಿಲ್ಲ, ಕಾಲುವೆಯ ದಂಡೆಯ ಚೆಸ್ಟ್‌ನಟ್ ಮರಗಳು ಒಣಗುತ್ತವೆ, ಕೆಳಗಿನ ಒರತೆ ಬತ್ತುತ್ತದೆ. ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ವಜ್ಞ ಹೋಸೆ ಮರಿಯಾ ಮಾರ್ತಿನ್ ಸಿವಾಂತೋಸ್ ಹತ್ತು ವರ್ಷಗಳಿಗೂ ಮೇಲ್ಪಟ್ಟು ವಿದ್ಯಾರ್ಥಿಗಳನ್ನು, ಸ್ವಯಂಸೇವಕರನ್ನು, ಊರ ರೈತರನ್ನು ಕೂಡಿಸಿಕೊಂಡು ಈ ಕಾಲುವೆಗಳಿಗೆ ಮತ್ತೆ ಜೀವ ಕೊಡುತ್ತಿದ್ದಾರೆ. ಪುರಾತತ್ವ ಎಂದರೆ ಅಗೆದು ಮ್ಯೂಸಿಯಮ್ಮಿನಲ್ಲಿ ಇಡುವುದಷ್ಟೇ ಅಲ್ಲ, ಅಗೆದು ನೀರು ಬಿಡುವುದೂ ಹೌದು ಎಂದು ತೋರಿಸಿದ ಕೆಲಸ ಅದು. ಹತ್ತಾರು ವರ್ಷ ಒಣಗಿದ್ದ ಕಾಲುವೆಯಲ್ಲಿ ನೀರು ಹರಿದಾಗ ಮುದುಕರು ಅದರ ಜೊತೆಜೊತೆಗೆ ನಡೆದುಕೊಂಡು ಹೋದರಂತೆ.

ಈ ಅಜ್ಜಿಯ ಊರಿನ ಕಾಲುವೆಗೂ ವಸಂತದಲ್ಲಿ ಹೂಳೆತ್ತುವ ಕೆಲಸ ಇರುತ್ತದೆ. ಮನೆಗೊಬ್ಬರು ಬರಬೇಕೆಂಬುದು ಹಳೆಯ ಕಟ್ಟಲೆ, ಈಗ ಮನೆಗೊಬ್ಬರು ಸಿಗುವುದಿಲ್ಲ. ಹೊರಡುವ ದಿನ ನಾನು, ಮತ್ತೆ ಯಾವಾಗ ಬಂದರೆ ನಿಮಗೆ ಅನುಕೂಲ ಅಮ್ಮಾ, ಎಂದು ಕೇಳಿದೆ.

"ಏಪ್ರಿಲ್‌ನಲ್ಲಿ ಬಾ ಮಗಳೇ. ಬದನೆ ಇರೋದಿಲ್ಲ, ಹಸಿ ಅವರೆಯಂಥ ಆಬಾಸ್ ಕಾಯಿ ಇರುತ್ತೆ, ಆರ್ಟಿಚೋಕ್ ಇರುತ್ತೆ. ಹಂದಿಯ ಚೂರು ಹಾಕದೆ ಮಾಡಿಕೊಡ್ತೀನಿ. ಮೇಲಿನ ಕಾಲುವೆಯಲ್ಲಿ ನಾಲ್ಕು ದಿನದ ಕೆಲಸ ಇದೆ, ಗುದ್ದಲಿ ನಮ್ಮಲ್ಲೇ ಇದೆ. ಒಳ್ಳೆ ಬೂಟು ಮಾತ್ರ ತಗೊಂಡು ಬಾ."